ಅರವತ್ತು ನಂಬರಿನ ಮುಖ

ನನ್ನ ಬೆನ್ನ ಹಿಂದೆ ನಮ್ಮ ಶೆಡ್ಡಿನವರು ನನ್ನನ್ನು 'ಅರವತ್ತು ನಂಬರು' ಎಂದು ಕರೆಯುತ್ತಾರೆ. ನನಗೆ ಗೊತ್ತಿಲ್ಲ ಎಂದುಕೊಂಡಿದ್ದಾರೆ. ಮರ ಉಜ್ಜುವ ಉಪ್ಪುಕಾಗದದಲ್ಲಿ ಅರವತ್ತು ನಂಬರು ಎಂದರೆ ತೀರಾ ಒರಟು, ಹಳೇ ಬಣ್ಣ ಕಿತ್ತು ಹಾಕುವುದಕ್ಕೆ ಮಾತ್ರ ಬಳಸುವಂಥದ್ದು. ನಾನೂರು ನಂಬರು ಎಂದರೆ ನುಣುಪು, ಕೊನೆಯ ಕೈಗೆ. ಹೆಸರಿಟ್ಟ ಪುಣ್ಯಾತ್ಮ ನನ್ನ ಮುಖ ನೋಡಿ ಇಟ್ಟನೋ ನಾಲಿಗೆ ಕೇಳಿ ಇಟ್ಟನೋ ತಿಳಿಯದು. ಎರಡಕ್ಕೂ ಒಪ್ಪುತ್ತದೆ. ಹದಿನಾರನೇ ವಯಸ್ಸಿಗೆ ಬಂದ ಮೊಡವೆಗಳು ಕೆನ್ನೆ ತುಂಬ ಗುಳಿ ಬಿಟ್ಟು ಹೋದವು. ಆಮೇಲೆ ಮೂವತ್ತು ವರ್ಷ ಮರದ ಪುಡಿ, ಪಾಲಿಶ್, ಬಣ್ಣ ತೆಳುಮಾಡುವ ಟರ್ಪೆಂಟೈನಿನ ಘಾಟು. ನಾಲಿಗೆ ಮಾತ್ರ ಹುಟ್ಟಿನಿಂದಲೇ ಬಂದದ್ದು.

ನಮ್ಮದು ಮರದ ಸಾಮಾನುಗಳಿಗೆ ಪಾಲಿಶ್ ಹಾಕುವ ಶೆಡ್ಡು. ಬಡಗಿಗಳು ಮಾಡಿಟ್ಟ ಮೇಜು, ಕುರ್ಚಿ, ಕಪಾಟುಗಳು ನಮ್ಮಲ್ಲಿಗೆ ಬರುತ್ತವೆ. ಉಜ್ಜಿ, ಬಣ್ಣ ಕುಡಿಸಿ, ಹೊಳಪು ಕೊಟ್ಟು ಕಳಿಸುತ್ತೇವೆ. ಮದುವೆಯಾಗಿ ಬಂದ ಮೇಲೆ ನನಗೆ ಕೆಲಸ ಕಲಿಸಿದವರು ನನ್ನ ಮಾವ, ಗಂಡನ ಅಪ್ಪ. ಕಲಿಸಿದರು ಎನ್ನುವುದಕ್ಕಿಂತ ಕಾವಲು ಕೂತರು ಎನ್ನಬೇಕು. ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂತು ನನ್ನ ಉಪ್ಪುಕಾಗದದ ಸದ್ದು ಕೇಳುತ್ತಿದ್ದರು. ಸದ್ದು ಒಂಚೂರು ಬದಲಾದರೆ ಸಾಕು, ಕಣ್ಣು ತೆರೆಯದೆ 'ಊಂ' ಎನ್ನುತ್ತಿದ್ದರು. ಆ ಒಂದು 'ಊಂ'ಗೆ ನನ್ನ ಕೈಕಾಲು ತಣ್ಣಗಾಗುತ್ತಿತ್ತು. ನಾನು ಮೊದಲ ಸಲ ಒಂದು ಮೇಜನ್ನು ಕಲೆಯಿಲ್ಲದೆ ಮುಗಿಸಿದ್ದು ಅವರು ಜ್ವರ ಬಂದು ಮನೆಯಲ್ಲಿ ಮಲಗಿದ್ದ ದಿನ. ಅದು ಯಾಕೆ ಹಾಗಾಯಿತು ಎಂದು ನಾನು ಯಾವತ್ತೂ ತಲೆ ಕೆಡಿಸಿಕೊಂಡವಳಲ್ಲ. ಅವರು ಹೋದ ಮೇಲೆ ಸ್ಟೂಲು ನನಗೆ ಬಂತು.

ಸೊಸೆ ಮನೆಗೆ ಬಂದಾಗ ಅವಳನ್ನೂ ಶೆಡ್ಡಿಗೆ ಎಳೆಯಬೇಕೆಂದು ನನಗೆ ಆಸೆ ಇತ್ತು. ಅವಳು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಬ್ಯೂಟಿಷಿಯನ್ ಕೋರ್ಸು ಮುಗಿಸಿದವಳು, ಒಂದು ಚರ್ಮದ ಕ್ಲಿನಿಕ್ಕಿಗೆ ಕಲಿಯಲು ಸೇರಿಕೊಂಡಳು. ಅಲ್ಲಿ ಅವಳಿಗೆ ಸಿಕ್ಕ ಕೆಲಸದ ಹೆಸರು ಮೈಕ್ರೋಡರ್ಮಾಬ್ರೇಶನ್. ಆ ಹೆಸರು ನನ್ನ ಬಾಯಿಂದ ಒಂದು ಸಲವೂ ಇಡಿಯಾಗಿ ಹೊರಬಿದ್ದದ್ದಿಲ್ಲ. ನಾನು 'ಮುಖ ಉಜ್ಜೋದು' ಎನ್ನುತ್ತಿದ್ದೆ, ಅವಳು ಮೂತಿ ಉಬ್ಬಿಸುತ್ತಿದ್ದಳು. ಆದರೆ ಕೆಲಸ ಅದೇ ತಾನೇ? ಪೆನ್ನಿನಂಥ ಒಂದು ಹಿಡಿಕೆ, ಅದರ ತುದಿಗೆ ವಜ್ರದ ನುಣ್ಣನೆಯ ಪುಡಿ ಅಂಟಿಸಿರುತ್ತದೆ, ನಡುವೆ ಒಂದು ತೂತು. ಮಷೀನು ಆ ತೂತಿನಿಂದ ಚರ್ಮವನ್ನು ಮೆಲ್ಲಗೆ ಹೀರಿ ಹಿಡಿಯುತ್ತದೆ, ತುದಿ ಮೇಲಿನ ಸತ್ತ ಪದರವನ್ನು ಕೆರೆದು ತೆಗೆಯುತ್ತದೆ, ಕೆರೆದದ್ದನ್ನು ಕೊಳವೆ ನುಂಗುತ್ತದೆ. ಉಪ್ಪುಕಾಗದಕ್ಕೂ ವ್ಯಾಕ್ಯೂಮ್ ಕ್ಲೀನರಿಗೂ ಹುಟ್ಟಿದ ಕೂಸು ಎಂದು ನಾನು ಹೇಳಿದಾಗ ಅವಳು ನಗು ತಡೆಯಲಾರದೆ ಎದ್ದು ಒಳಗೆ ಹೋದಳು.

ಆ ನಗು ಮೂರು ತಿಂಗಳಷ್ಟೇ ಉಳಿಯಿತು. ಒಂದು ದಿನ ಅವಳ ಕೈಕೆಳಗೆ ಮಲಗಿದ್ದ ಹೆಂಗಸಿನ ಕೆನ್ನೆಯ ಮೇಲೆ ನಾಲ್ಕು ಕೆಂಪು ಗೆರೆ ಎದ್ದವು. ಮಷೀನಿನ ಹೀರುವ ಬಲವನ್ನು ಏರಿಸಿ ಇಳಿಸಲು ಒಂದು ಗುಂಡಿ ಇರುತ್ತದೆ. ಅವಳಿಗಿಂತ ಮುಂಚೆ ಕೆಲಸ ಮಾಡಿದವರು ಅದನ್ನು ಮೇಲಕ್ಕೆ ತಿರುಗಿಸಿ ಹಾಗೇ ಬಿಟ್ಟಿದ್ದರು, ಇವಳು ನೋಡದೆ ಶುರು ಮಾಡಿದ್ದಳು. ಆ ಹೆಂಗಸು ಕ್ಲಿನಿಕ್ಕೇ ಕಿತ್ತುಹೋಗುವ ಹಾಗೆ ಕೂಗಾಡಿದಳು. ನಾಳೆಯಿಂದ ಬರಬೇಡ ಎಂದು ಇವಳಿಗೆ ಹೇಳಿಬಿಟ್ಟರು.

ಅವತ್ತು ಅವಳು ಮನೆಗೆ ಹೋಗದೆ ನೇರ ಶೆಡ್ಡಿಗೆ ಬಂದಳು. ನನಗೆ ಹೇಳಿಕೊಳ್ಳಬೇಕು ಅನ್ನಿಸಿತೋ ಏನೋ. ನಾನು ಒಂದು ಕಪಾಟಿನ ಬಾಗಿಲಿನ ಜತೆ ಗುದ್ದಾಡುತ್ತಿದ್ದೆ, ತಲೆ ಕೆಟ್ಟಿತ್ತು. ಎಲ್ಲ ಕೇಳಿ, ತಿರುಗಿಯೂ ನೋಡದೆ ಹೇಳಿದೆ:

"ನಿನ್ನ ಕೈ ಭಾರ ಕಣೇ. ಅದು ಕಲಿತು ಹೋಗೋ ಅಂಥದ್ದಲ್ಲ."

ನಮ್ಮ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. ಅವಳು ಬಂದ ಹಾಗೇ ತಿರುಗಿ ಹೋದಳು. ಆಮೇಲೆ ಏಳು ತಿಂಗಳು ಅವಳು ಮಷೀನಿನ ಕೆಲಸ ಮಾಡಲಿಲ್ಲ. ಪಕ್ಕದ ಬೀದಿಯ ಪಾರ್ಲರಿನಲ್ಲಿ ಹುಬ್ಬು ತಿದ್ದಿಕೊಂಡು, ಕೂದಲು ಕತ್ತರಿಸಿಕೊಂಡು ಇದ್ದಳು. ಒಂದೆರಡು ಕಡೆ ಕೆಲಸಕ್ಕೆಂದು ಹೋಗಿ ಹಿಡಿಕೆ ಕೈಗೆತ್ತಿಕೊಂಡರೆ ಕೈ ನಡುಗಿತಂತೆ, ವಾಪಸು ಬಂದಳು. ಮನೆಯಲ್ಲೂ ಅಷ್ಟೇ, ನನಗೆ ಕಾಫಿ ತಂದು ಕೊಡುವಾಗ ನಾನು ತಲೆಯೆತ್ತಿ ನೋಡಿದರೆ ಸಾಸರಿನ ಮೇಲೆ ಕಪ್ಪು ಕಟಕಟ ಎನ್ನುತ್ತಿತ್ತು. ನಾನು ಆಡಿದ್ದು ತಪ್ಪು ಎಂದು ನನಗೆ ಅವತ್ತೇ ಗೊತ್ತಾಗಿತ್ತು. ಆದರೆ 'ತಪ್ಪಾಯಿತು' ಎನ್ನುವ ಮಾತು ನನ್ನ ಗಂಟಲಲ್ಲಿ ಅಡ್ಡ ನಿಂತುಬಿಡುತ್ತದೆ, ಏನು ಮಾಡಿದರೂ ಹೊರಗೆ ಬರುವುದಿಲ್ಲ.

ಹೀಗಿರುವಾಗ ಒಂದು ದಿನ ಊಟಕ್ಕೆ ಕೂತಾಗ ಅವಳು ತಟ್ಟೆ ನೋಡುತ್ತಲೇ ಒಂದು ವಿಷಯ ಹೇಳಿದಳು. ಊರಿನಲ್ಲೇ ಹೆಸರುವಾಸಿಯಾದ ಒಂದು ಚರ್ಮದ ಕ್ಲಿನಿಕ್ಕಿನಲ್ಲಿ ಆ ಮಷೀನಿಗೆ ಒಬ್ಬರು ಬೇಕಂತೆ. ಇನ್ನೆರಡು ತಿಂಗಳಿಗೆ ಪರೀಕ್ಷೆ. ಡಾಕ್ಟರಮ್ಮನ ಎದುರಿಗೇ ಒಂದು ಜೀವಂತ ಮುಖದ ಮೇಲೆ ಮಾಡಿ ತೋರಿಸಬೇಕು, ಆ ಮುಖವನ್ನೂ ನಾವೇ ಕರೆದುಕೊಂಡು ಹೋಗಬೇಕು. ಈ ಸಲವೂ ಆಗದಿದ್ದರೆ ಈ ಕೆಲಸದ ಆಸೆಯನ್ನೇ ಬಿಟ್ಟುಬಿಡುತ್ತೇನೆ ಎಂದಳು. ಆದರೆ ಮುಖ ಕೊಡುವವರು ಯಾರು? ಗೆಳತಿಯರನ್ನು ಕೇಳಿದ್ದಳು, ಪಾರ್ಲರಿಗೆ ಬರುವವರನ್ನು ಕೇಳಿದ್ದಳು. ಎಲ್ಲರಿಗೂ ಆ ನಾಲ್ಕು ಗೆರೆಯ ಕಥೆ ಗೊತ್ತಿತ್ತು. ನನ್ನ ಮಗ ಲಿಫ್ಟು ರಿಪೇರಿ ಮಾಡುವವನು, ಇಪ್ಪತ್ತನೇ ಅಂತಸ್ತಿನಲ್ಲಿ ನೇತಾಡಲು ಹೆದರುವುದಿಲ್ಲ. ಅವನು ಕೂಡ ಗಡ್ಡ ಸವರಿಕೊಂಡು, ಕೂದಲಿರೋ ಮುಖಕ್ಕೆ ಆಗಲ್ವಂತಲ್ಲ ಎಂದು ಜಾರಿಕೊಂಡ.

"ನನ್ನ ಮುಖ ಇದೆಯಲ್ಲ," ಎಂದೆ ನಾನು.

ಇಬ್ಬರೂ ತಿನ್ನುವುದನ್ನು ನಿಲ್ಲಿಸಿದರು. ಮಗ, "ಅಮ್ಮಾ, ಮಷೀನು ಕೆಟ್ಟುಹೋದ್ರೆ?" ಎಂದು ಕೇಳಿ ನನ್ನಿಂದ ಬೆನ್ನಿಗೊಂದು ಏಟು ತಿಂದ. ಸೊಸೆ ನಗಲಿಲ್ಲ. ಗುಳಿಗಳು ಹೋಗುವುದಿಲ್ಲ ಅತ್ತೆ, ಮೇಲಿನ ಒರಟು ಹೋಗುತ್ತದೆ ಅಷ್ಟೇ ಎಂದು ಪ್ರಾಮಾಣಿಕವಾಗಿ ಹೇಳಿದಳು. ಗುಳಿ ನನ್ನವೇ, ಇರಲಿ ಬಿಡು ಎಂದೆ.

ಮುಖ ಸಿಕ್ಕಿತು, ಕೈ ಬೇಕಲ್ಲ. ಅದಕ್ಕೂ ನಾನೇ ಉಪಾಯ ಹೂಡಿದೆ. ಪರೀಕ್ಷೆಗೆ ಮುಂಚೆ ಬೇರೆ ಬೇರೆ ಕಡೆ ಹೋಗಿ ನಾನು ಮಲಗುವುದು, ಅವಳು ಪಕ್ಕದಲ್ಲಿ ಕೂತು ನೋಡುವುದು. ಕಣ್ಣಿಗೆ ಕಂಡದ್ದು ಅವಳ ಪಾಲು, ಚರ್ಮಕ್ಕೆ ತಿಳಿದದ್ದು ನನ್ನ ಪಾಲು. ಮರಕ್ಕೆ ಬಾಯಿಲ್ಲ, ನನಗಿದೆ. ಆದರೆ ಮಷೀನು ಮುಖದ ಮೇಲಿರುವಾಗ ಬಾಯಿ ಬಿಡುವ ಹಾಗಿಲ್ಲ. ಅದಕ್ಕೆ ಕಾಲಿನ ಹೆಬ್ಬೆರಳನ್ನು ನೇಮಿಸಿದೆ. ಬೆರಳು ಒಂದು ಸಲ ಅಲ್ಲಾಡಿದರೆ ಒತ್ತಡ ಜಾಸ್ತಿಯಾಯಿತು ಎಂದು, ಎರಡು ಸಲವಾದರೆ ಕೈ ಒಂದೇ ಕಡೆ ನಿಂತಿತು ಎಂದು. ಪರೀಕ್ಷೆಯ ದಿನವೂ ಇದೇ ಗುಟ್ಟಿನ ಭಾಷೆ ಎಂದು ಮಾತಾಯಿತು. ಸೊಸೆ ಒಂದೇ ಷರತ್ತು ಹಾಕಿದಳು: ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ಹದಿನೈದು ದಿನ ಬಿಡಬೇಕು, ಚರ್ಮ ಮರವಲ್ಲ, ಅದು ಮತ್ತೆ ಬೆಳೆಯಬೇಕು.

ಮೊದಲು ಹೋದದ್ದು ಒಂದು ದೊಡ್ಡ ಕಟ್ಟಡದ ಐದನೇ ಅಂತಸ್ತಿನ ಸ್ಪಾಗೆ. ಗಾಜಿನ ಬಾಗಿಲು, ಹತ್ತಿಯಂಥ ಚಪ್ಪಲಿ, ಮೂಲೆಯಲ್ಲಿ ಕಲ್ಲಿನ ಮೇಲೆ ಜಿನುಗುವ ನೀರು. ಅಲ್ಲಿ ಎಲ್ಲರೂ ಪಿಸುಗುಡುತ್ತಾರೆ, ಯಾರೋ ಒಳಗೆ ಸೀರಿಯಸ್ಸಾಗಿದ್ದಾರೇನೋ ಎನ್ನುವ ಹಾಗೆ. ಬಿಳಿ ಬಟ್ಟೆಯ ಹುಡುಗಿ ನನ್ನ ಕಣ್ಣಿಗೆ ಬಟ್ಟೆ ಹೊದಿಸಿ, ಮುಖಕ್ಕೆ ದಿನಾ ಏನು ಬಳಸುತ್ತೀರಿ ಎಂದು ಕೇಳಿದಳು. ಟರ್ಪೆಂಟೈನ್ ಎಂದೆ. ಅವಳು ಮುಖವನ್ನು ಇನ್ನೊಂದು ಸಲ ಒರೆಸಿದಳು.

ಅವಳ ಕೈ ಹಗುರವಾಗಿತ್ತು, ಆದರೆ ಮನಸ್ಸು ಕೈಯಲ್ಲಿರಲಿಲ್ಲ. ಯಾರೋ ಬಾಗಿಲಲ್ಲಿ ನಿಂತು ಏನೋ ಕೇಳಿದರು, ಇವಳು ಉತ್ತರ ಹೇಳುತ್ತ ನಿಂತಳು, ಮಷೀನಿನ ತುದಿಯೂ ನನ್ನ ದವಡೆಯ ಮೇಲೆ ನಿಂತಿತು. ನಾನು ಹೆಬ್ಬೆರಳನ್ನು ಎರಡು ಸಲ ಆಡಿಸಿದೆ. ಇನ್ನೂ ನಿಂತೇ ಇತ್ತು. ಮತ್ತೆ ಎರಡು ಸಲ. ಪಾಪ, ಅವಳು ನನ್ನ ಕಾಲು ಜೋಮು ಹಿಡಿದಿದೆ ಎಂದುಕೊಂಡು ಮಷೀನು ಬಿಟ್ಟು ಬಂದು ಪಾದ ಒತ್ತತೊಡಗಿದಳು. ಅಮ್ಮನಿಗೆ ನರದ ತೊಂದರೆ ಇದೆಯಾ ಎಂದು ಸೊಸೆಯನ್ನು ಮೆಲ್ಲಗೆ ಕೇಳಿದಳಂತೆ. ಸೊಸೆ ಕೆಮ್ಮುವ ನೆಪದಲ್ಲಿ ಹೊರಗೆ ಹೋಗಿ ನಕ್ಕು ಬಂದಳು. ದವಡೆಯ ಮೇಲೆ ನಾಣ್ಯದಷ್ಟು ಕಂದು ಕಲೆ ಐದು ದಿನ ಇತ್ತು. ಶೆಡ್ಡಿನವರು ಅದನ್ನೇ ನೋಡುತ್ತ ಕೆಲಸ ಮಾಡಿದರು, ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಎರಡನೆಯದು ಕ್ಲಿನಿಕ್ಕು. ಟೋಕನ್ ನಂಬರು, ಬಿಳಿ ಟ್ಯೂಬ್‌ಲೈಟು, ಗೋಡೆ ತುಂಬ 'ಮೊದಲು' ಮತ್ತು 'ನಂತರ' ಎಂಬ ಮುಖಗಳು. ಮೊದಲಿನವರೆಲ್ಲ ಮುಖ ಗಂಟಿಕ್ಕಿದ್ದರು, ನಂತರದವರೆಲ್ಲ ನಗುತ್ತಿದ್ದರು. ಆ ನಗುವಿಗೇ ಅರ್ಧ ವ್ಯತ್ಯಾಸ ಕಾಣುತ್ತಿತ್ತು. ಇಲ್ಲಿ ವಜ್ರದ ತುದಿ ಇರಲಿಲ್ಲ, ಸಕ್ಕರೆ ಪುಡಿಯಂಥ ಬಿಳಿ ಹರಳುಗಳನ್ನು ಮುಖಕ್ಕೆ ಚಿಮ್ಮಿಸಿ ಹೀರಿಕೊಳ್ಳುವ ಹಳೇ ಮಷೀನು. ಮಾಸ್ಕು ಹಾಕಿಕೊಂಡ ಯುವಕ ಹನ್ನೆರಡು ನಿಮಿಷದಲ್ಲಿ ಕೆಲಸ ಮುಗಿಸಿದ. ತಳ ಹತ್ತಿದ ಪಾತ್ರೆ ತಿಕ್ಕುವ ಹಾಗೆ ಹಿಂದಕ್ಕೂ ಮುಂದಕ್ಕೂ ತಿಕ್ಕಿದ. ಹೆಬ್ಬೆರಳು ಆಡಿಸಿ ಆಡಿಸಿ ನನಗೇ ಸುಸ್ತಾಯಿತು. ಎಡಗೈಯಿಂದ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿಯದೇ ಇದ್ದದ್ದು ಅವನ ತಪ್ಪು. ತುದಿಯ ಮುಂದೆ ನನ್ನ ಕೆನ್ನೆ ಬಟ್ಟೆಯ ನೆರಿಗೆಯಂತೆ ಗುಡ್ಡೆಯಾಗುವುದು ನನಗೇ ತಿಳಿಯುತ್ತಿತ್ತು. ಸೊಸೆ ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು. ನನ್ನ ಕಿವಿಯಿಂದ ಎರಡು ದಿನ ದಿಂಬಿನ ಮೇಲೆ ಬಿಳಿ ಪುಡಿ ಉದುರಿತು.

ಈ ಎರಡನ್ನೂ ನೋಡಿದ ಮೇಲೆ ಸೊಸೆಯನ್ನು ಶೆಡ್ಡಿಗೆ ಕರೆದುಕೊಂಡು ಹೋದೆ. ಪ್ಲೈವುಡ್ಡಿನ ಮೇಲೆ ಒಳ್ಳೆಯ ಮರದ ತೆಳುವಾದ ಹಾಳೆ ಅಂಟಿಸಿರುತ್ತಾರೆ, ವೆನೀರ್ ಎನ್ನುತ್ತೇವೆ, ಕಾಗದಕ್ಕಿಂತ ಚೂರೇ ದಪ್ಪ. ಕೈ ಒಂದು ಕ್ಷಣ ಹೆಚ್ಚು ನಿಂತರೆ ಹಾಳೆ ಸವೆದು ಒಳಗಿನ ಪ್ಲೈ ಕಾಣುತ್ತದೆ, ಆಮೇಲೆ ದೇವರೇ ಬಂದರೂ ಸರಿ ಮಾಡಲಾಗುವುದಿಲ್ಲ. ಅವಳ ಕೈಗೆ ಉಪ್ಪುಕಾಗದ ಕೊಟ್ಟೆ. ಮರಕ್ಕೆ ತಾಗುವ ಮುಂಚೆಯೇ ಕೈ ಚಲಿಸುತ್ತಿರಬೇಕು, ಬಿಡುವಾಗಲೂ ಚಲಿಸುತ್ತಲೇ ಬಿಡಬೇಕು, ವಿಮಾನ ಇಳಿದು ಏರಿದ ಹಾಗೆ ಎಂದು ಹೇಳಿಕೊಟ್ಟೆ. ಹೇಳಿಕೊಟ್ಟು ಸ್ಟೂಲಿನ ಮೇಲೆ ಕೂತೆ. ಸದ್ದು ಬದಲಾದಾಗಲೆಲ್ಲ 'ಊಂ' ಎಂದೆ. ಒಂದು ವಾರದಲ್ಲಿ ಹನ್ನೊಂದು ಹಾಳೆ ತೂತು ಮಾಡಿದಳು. ಇವಳಿಗೆ ಇನ್ನೂ ಹತ್ತಿರ ಕೂತು ಹೇಳಿಕೊಡಬೇಕು ಎಂದುಕೊಂಡು ಸ್ಟೂಲನ್ನು ಮುಂದಕ್ಕೆ ಎಳೆದುಕೊಂಡೆ.

ಒಂದು ಮಧ್ಯಾಹ್ನ ಹೊಸದಾಗಿ ಬಂದ ಮೇಜೊಂದನ್ನು ನಾನು ತಲೆಕೆಳಗು ಮಾಡಿ ಅಡಿಭಾಗವನ್ನು ಉಜ್ಜುತ್ತಿದ್ದೆ. ಯಾರಿಗೂ ಕಾಣದ ಜಾಗಕ್ಕೆ ಯಾಕೆ ಇಷ್ಟು ಕಷ್ಟ ಎಂದು ಅವಳು ಕೇಳಿದಳು. ಮರ ಹೇಗಿದೆಯೋ, ಕಾಗದ ಎಷ್ಟು ಕಚ್ಚುತ್ತದೋ ಮೊದಲು ಅಡಿಭಾಗದಲ್ಲಿ ನೋಡದೆ ನಾನು ಮೇಲ್ಭಾಗವನ್ನು ಮುಟ್ಟುವುದಿಲ್ಲ ಎಂದೆ. ಅವಳು ಬಗ್ಗಿ ಆ ಅಡಿಭಾಗದ ಮೇಲೆ ಬೆರಳಾಡಿಸಿದಳು. ಅವಳ ಕಣ್ಣ ಮುಂದೆ ಆ ನಾಲ್ಕು ಗೆರೆಗಳು ಬಂದು ನಿಂತಿದ್ದವೆಂದು ಕಾಣುತ್ತದೆ.

"ಮುಖಕ್ಕೆ ಅಡಿಭಾಗ ಎಲ್ಲಿದೆ ಅತ್ತೆ?" ಎಂದು ಕೇಳಿದಳು.

"ನಿನ್ನ ಕೈ ಇದೆಯಲ್ಲ," ಎಂದೆ ನಾನು, ಕೆಲಸ ನಿಲ್ಲಿಸದೆ.

ಮೂರನೆಯ ಜಾಗ ಒಂದು ಔಷಧಿ ಅಂಗಡಿಯ ಮಾಳಿಗೆಯಲ್ಲಿತ್ತು. ಇಕ್ಕಟ್ಟಾದ ಮೆಟ್ಟಿಲು, ಒಂದೇ ಕೋಣೆ, ಒಂದೇ ಹಾಸಿಗೆ, ತಿರುಗುವಾಗ ಟಿಕ್ ಟಿಕ್ ಎನ್ನುವ ಫ್ಯಾನು. ಕನ್ನಡಕವನ್ನು ದಾರದಲ್ಲಿ ಕೊರಳಿಗೆ ನೇತುಹಾಕಿಕೊಂಡ, ನನ್ನ ವಯಸ್ಸಿನ ಹೆಂಗಸು ಅಲ್ಲಿ ಒಬ್ಬರೇ ಕೆಲಸ ಮಾಡುತ್ತಿದ್ದರು. ಅವರು ಮೊದಲು ಬಿಸಿನೀರಿನಲ್ಲಿ ಕೈ ತೊಳೆದದ್ದು ಶುಚಿಗೆಂದು ನಾನು ತಿಳಿದಿದ್ದೆ. ಬೆರಳು ಹಣೆಗೆ ತಾಗಿದಾಗ ಬೆಚ್ಚಗಿತ್ತು, ಆಗ ಗೊತ್ತಾಯಿತು. ಎಡಗೈಯ ಎರಡು ಬೆರಳಲ್ಲಿ ಚರ್ಮವನ್ನು ಬಿಗಿಹಿಡಿದರು. ಬಲಗೈ ತಾಗುವ ಮುಂಚೆಯೇ ಚಲಿಸುತ್ತಿತ್ತು, ಬಿಡುವಾಗಲೂ ಚಲಿಸುತ್ತಲೇ ಬಿಟ್ಟಿತು. ಒಂದು ಸಲ ಉದ್ದಕ್ಕೆ, ಇನ್ನೊಂದು ಸಲ ಅಡ್ಡಕ್ಕೆ, ಕಣ್ಣಿನ ಸುತ್ತ ಒಂದೇ ಒಂದು ಸಲ. ಒಂದು ಮಾತಿಲ್ಲ. ನಾನು ಹುಡುಕಿ ಹುಡುಕಿ ನೋಡಿದೆ, ಹೆಬ್ಬೆರಳಿಗೆ ಕೆಲಸವೇ ಸಿಗಲಿಲ್ಲ. ಹೊಟ್ಟೆಕಿಚ್ಚಾಯಿತು ಎಂದೇ ಹೇಳಬೇಕು.

ಮುಗಿದ ಮೇಲೆ ಸೊಸೆ ಸಂಕೋಚದಿಂದ ನಿಜ ಹೇಳಿದಳು, ತಾನೂ ಇದೇ ಕೆಲಸ ಕಲಿಯುತ್ತಿದ್ದೇನೆ ಎಂದು. ಅವರು ನಕ್ಕರು. ಇವಳು ಮುಖ ಬಿಟ್ಟು ಅತ್ತೆಯ ಕಾಲು ನೋಡುತ್ತ ಕೂತಾಗಲೇ ಏನೋ ಇದೆ ಅನ್ನಿಸಿತ್ತಂತೆ. ತಮ್ಮ ತೋಳಿನ ಮೇಲೆ ಒಂದು ಸಲ ಮಾಡು ನೋಡೋಣ ಎಂದು ಹಿಡಿಕೆಯನ್ನು ಅವಳ ಕೈಗೇ ಕೊಟ್ಟರು. ಸೊಸೆಯ ಕೈ ನಡುಗಿತು. ನಾನು ಒಂದು ಹೆಜ್ಜೆ ಮುಂದೆ ಬಂದು ಬಗ್ಗಿ ನೋಡಿದೆ. ಇನ್ನೂ ನಡುಗಿತು. ಆ ಹೆಂಗಸು ಅವಳ ಮುಖ ನೋಡಿದರು, ನನ್ನ ಮುಖ ನೋಡಿದರು.

"ನೀವು ಸ್ವಲ್ಪ ಹೊರಗಡೆ ಕೂತ್ಕೋತೀರಾ?" ಎಂದು ನನ್ನನ್ನು ಕೇಳಿದರು.

ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ದಿನ ಹೇಳಿಕೊಟ್ಟವಳು ನಾನು, ಮುಖ ಕೊಟ್ಟವಳು ನಾನು, ಹೊರಗೆ ಕೂರಬೇಕಾದವಳೂ ನಾನೇ. ಕೋಣೆ ಚಿಕ್ಕದು, ಮೂವರಿಗೆ ಗಾಳಿ ಸಾಲುವುದಿಲ್ಲ ಎಂದು ಸಮಾಧಾನ ಮಾಡಿಕೊಂಡು ಮೆಟ್ಟಿಲ ಮೇಲೆ ಕೂತೆ. ಕಾಲು ಗಂಟೆಯ ಮೇಲೆ ಸೊಸೆ ಹೊರಗೆ ಬಂದಾಗ ಅವಳ ಮುಖ ಬೇರೆಯೇ ಆಗಿತ್ತು. ಏನಾಯಿತು ಎಂದು ಕೇಳಿದರೆ, ಏನಿಲ್ಲ, ಚೆನ್ನಾಗಾಯಿತು ಎಂದಳು. ನನ್ನ ಪಾಠ ಕೊನೆಗೂ ನಾಟಿತು ಎಂದು ನಾನು ಒಳಗೊಳಗೇ ಬೀಗಿದೆ.

ಪರೀಕ್ಷೆಯ ಹಿಂದಿನ ರಾತ್ರಿ ನನಗೆ ಕಣ್ಣೆವೆ ಮುಚ್ಚಲಾಗಲಿಲ್ಲ. ಅವಳು ಸೋತರೆ ಅದಕ್ಕೆ ನನ್ನ ನಾಲಿಗೆಯೇ ಕಾರಣ ಎನ್ನುವುದು ನನಗೆ ಗೊತ್ತಿತ್ತು. ಬೆಳಿಗ್ಗೆ ಕ್ಲಿನಿಕ್ಕಿಗೆ ಹೋದರೆ ನಮ್ಮ ಹಾಗೇ ಇನ್ನಿಬ್ಬರು ಬಂದಿದ್ದರು, ಒಬ್ಬೊಬ್ಬರೂ ತಮ್ಮ ತಮ್ಮ ಮುಖಗಳ ಜತೆ. ಅವರು ತಂದ ಮುಖಗಳು ಗಾಜಿನಂತಿದ್ದವು. ನನ್ನ ಮುಖ ನೋಡಿ ಒಬ್ಬಳು ಇನ್ನೊಬ್ಬಳನ್ನು ಮೊಣಕೈಯಿಂದ ತಿವಿದಳು. ನನಗೆ ಬಂದ ಕೋಪಕ್ಕೆ ಅಲ್ಲೇ ಎರಡು ಮಾತು ಆಡಿಬಿಡುತ್ತಿದ್ದೆ, ಸೊಸೆ ಕೈ ಅದುಮಿದ್ದರಿಂದ ಸುಮ್ಮನಾದೆ.

ಪರದೆ ಎಳೆದು ಬೇರೆ ಮಾಡಿದ ಮೂರು ಹಾಸಿಗೆ, ಮೂರು ಮಷೀನು. ಡಾಕ್ಟರಮ್ಮ ಗಟ್ಟಿ ಆಳು, ಮಾತು ಕಡಿಮೆ. ಎಲ್ಲರಿಗೂ ಒಂದೇ ಸಮಯ ಎಂದು ಹೇಳಿ ಗಡಿಯಾರ ನೋಡಿಕೊಂಡರು. ನಾನು ಮಲಗಿದೆ, ಕಣ್ಣಿಗೆ ಬಟ್ಟೆ ಬಂತು. ಹೊದಿಕೆಯಿಂದ ಹೆಬ್ಬೆರಳನ್ನು ಹೊರಗಿಟ್ಟು ಸಿದ್ಧವಾದೆ.

ಸೊಸೆ ಮಷೀನಿನ ಸ್ವಿಚ್ಚು ಹಾಕಿದಳು. ಅದರ ಸದ್ದು ಕೇಳಿದ ಕೂಡಲೇ ನನ್ನ ಎದೆ ಧಸಕ್ಕೆಂದಿತು. ಮೋಟರಿನ ಸದ್ದು ನನಗೆ ಹೊಸದಲ್ಲ. ಇದು ಏದುಸಿರು ಬಿಡುತ್ತಿತ್ತು. ನಾನು ಮಲಗಿದ ಮೂರೂ ಕಡೆ ಇಷ್ಟು ಜೋರಾಗಿರಲಿಲ್ಲ. ಗುಂಡಿ ಮೇಲಕ್ಕಿದೆ, ಮತ್ತೆ ಅದೇ ನಾಲ್ಕು ಗೆರೆ, ಈ ಸಲ ನನ್ನ ಕೆನ್ನೆಯ ಮೇಲೆ, ಡಾಕ್ಟರಮ್ಮನ ಕಣ್ಣೆದುರು. ಹೆಬ್ಬೆರಳು ಬಿಗಿಯಾಯಿತು. ಇನ್ನೇನು ಆಡಿಸಬೇಕು, ಅಷ್ಟರಲ್ಲಿ ನನ್ನ ತಲೆಯ ಹತ್ತಿರ ಪಚ್ ಎಂದು ಒಂದು ಸಣ್ಣ ಸದ್ದಾಯಿತು. ಮಷೀನು ಚರ್ಮ ಹಿಡಿದ ಸದ್ದು, ಆದರೆ ಚರ್ಮ ನನ್ನದಲ್ಲ. ಆಮೇಲೆ ಕಿರ್ ಕಿರ್ ಎಂದು ಗುಂಡಿ ತಿರುಗಿತು. ಮೋಟರು ಉಸಿರು ಇಳಿಸಿತು. ಮತ್ತೆ ಪಚ್. ಮತ್ತೆ ಚೂರು ಇಳಿಸಿತು. ಮೂರನೇ ಸಲ ಪಚ್ ಎನ್ನಲಿಲ್ಲ.

ಅಡಿಭಾಗದಲ್ಲಿ ನೋಡಿದ್ದಾಳೆ! ನನಗೆ ಎದ್ದು ಕುಣಿಯುವಷ್ಟು ಖುಷಿಯಾಯಿತು. ಆಮೇಲೆ ಅವಳ ಕೈ ಬಂತು. ಬೆಚ್ಚಗಿತ್ತು. ಮುಖ ಒರೆಸಿದಳು, ಒಣಗಿಸಿದಳು, ಹಣೆಯಿಂದ ಶುರು ಮಾಡಿ ಕೆನ್ನೆಯ ಒಂದೊಂದು ಗುಳಿಯನ್ನೂ ಬೆರಳಿನಿಂದ ಪರಿಚಯ ಮಾಡಿಕೊಂಡಳು. ಅಷ್ಟು ಅಕ್ಕರೆಯಿಂದ ನನ್ನ ಮುಖವನ್ನು ಯಾರಾದರೂ ಮುಟ್ಟಿ ಎಷ್ಟು ವರ್ಷವಾಗಿತ್ತೋ ನನಗೇ ನೆನಪಿಲ್ಲ. ಇನ್ನು ನಾನು ನೋಡಿಕೊಳ್ಳಬೇಕಾದದ್ದು ಏನೂ ಇಲ್ಲ ಅನ್ನಿಸಿತು. ಅಷ್ಟೇ ನೆನಪಿರುವುದು.

"ಪರವಾಗಿಲ್ಲ, ಎಬ್ಬಿಸಬೇಡಿ," ಎಂದು ಯಾರೋ ಹೇಳಿದ್ದು ಕೇಳಿ ಎಚ್ಚರವಾಯಿತು. ಡಾಕ್ಟರಮ್ಮ ನನ್ನ ಮೇಲೆ ಬಗ್ಗಿದ್ದರು. ದೀಪ ಹತ್ತಿರ ತಂದು ಕೆನ್ನೆ, ದವಡೆ, ಕಣ್ಣಿನ ಸುತ್ತ, ಎಲ್ಲ ಕಡೆ ಬೆರಳಾಡಿಸಿ ನೋಡಿದರು. ಪಕ್ಕದ ಪರದೆಯ ಆಚೆ ಯಾರೋ ಐಸು ತನ್ನಿ ಎನ್ನುತ್ತಿದ್ದರು. ಗಾಜಿನಂಥ ಮುಖವೊಂದು ಮೂಗೆಳೆಯುವ ಸದ್ದು ಕೇಳಿಸಿತು.

"ಮೂರು ಮಷೀನಲ್ಲೂ ಗುಂಡಿ ನಾನೇ ಜಾಸ್ತಿ ಇಟ್ಟಿದ್ದೆ," ಎಂದರು ಡಾಕ್ಟರಮ್ಮ ಸೊಸೆಗೆ. "ನೀವೊಬ್ರೇ ಇಳಿಸಿದ್ದು. ಹೇಗೆ ಗೊತ್ತಾಯ್ತು?"

ಸೊಸೆ ತನ್ನ ಎಡಗೈಯನ್ನು ತಿರುಗಿಸಿ ತೋರಿಸಿದಳು. ಮುಂಗೈಯ ಒಳಭಾಗದಲ್ಲಿ ಕೆಂಪಗೆ ಎರಡು ಗುಂಡನೆಯ ಗುರುತು.

"ಮೊದಲು ಅಡಿಭಾಗದಲ್ಲಿ ನೋಡ್ದೆ ಮೇಡಂ."

ಡಾಕ್ಟರಮ್ಮನಿಗೆ ತಲೆಬುಡ ಅರ್ಥವಾಗಲಿಲ್ಲ. ನಾನು ಹಾಸಿಗೆಯಿಂದಲೇ ಎದ್ದು ಕೂತು ಮೇಜು, ಮರ, ಉಪ್ಪುಕಾಗದ ಎಲ್ಲ ವಿವರಿಸಿದೆ. ಅವರು ಅರ್ಧದಲ್ಲೇ ಕೈಯೆತ್ತಿ ನಿಲ್ಲಿಸಿದರು. ಕೈಚಳಕವನ್ನು ತಾವು ಕಲಿಸಬಲ್ಲೆವು, ಮುಟ್ಟುವ ಮುಂಚೆ ನೋಡುವ ಬುದ್ಧಿಯನ್ನು ಕಲಿಸಲು ಆಗುವುದಿಲ್ಲ ಎಂದರು. ಇಷ್ಟು ವರ್ಷದಲ್ಲಿ ಪರೀಕ್ಷೆಗೆ ಮಲಗಿದವರು ಯಾರೂ ನಿದ್ದೆ ಮಾಡಿದ್ದಿಲ್ಲ ಎಂದೂ ಹೇಳಿ, ಸೋಮವಾರದಿಂದ ಬನ್ನಿ ಎಂದು ಸೊಸೆಯ ಬೆನ್ನು ತಟ್ಟಿದರು. ಬೆಳಿಗ್ಗೆ ಮೊಣಕೈಯಿಂದ ತಿವಿದವಳ ಮುಂದೆ ನಾನು ಬೇಕೆಂದೇ ನಿಧಾನವಾಗಿ ನಡೆದು ಹೊರಗೆ ಬಂದೆ. ಅಷ್ಟು ಸಣ್ಣತನ ನನಗೆ ಸಲ್ಲಬೇಕು.

ಬೀದಿಯಲ್ಲಿ ಒಂದು ಅಂಗಡಿಯ ಗಾಜಿನಲ್ಲಿ ನನ್ನ ಮುಖ ಕಂಡಿತು. ಗುಳಿಗಳೆಲ್ಲ ಇದ್ದಲ್ಲೇ ಇದ್ದವು. ಆದರೆ ಬಿಸಿಲು ಕೆನ್ನೆಯ ಮೇಲೆ ಸಮನಾಗಿ ಕೂತಿತ್ತು, ಒಳ್ಳೆಯ ಪಾಲಿಶ್ ಬಿದ್ದ ಹಳೇ ಮೇಜಿನ ಮೇಲೆ ಕೂರುವ ಹಾಗೆ. ನಾನು ದಾರಿಯುದ್ದಕ್ಕೂ ಕೊಚ್ಚಿಕೊಂಡೆ. ವೆನೀರ್ ಯಾರು ಕೊಟ್ಟದ್ದು, ಅಡಿಭಾಗ ಯಾರು ಹೇಳಿದ್ದು, ಮುಖ ಯಾರದು. ಅವಳು ಎಲ್ಲದಕ್ಕೂ ಹೂಂ ಹೂಂ ಎನ್ನುತ್ತ ಬಂದಳು. ಕೊನೆಗೆ, ನನ್ನ ಹೆಬ್ಬೆರಳು ಅಲ್ಲಾಡದೇ ಇದ್ದದ್ದು ನೋಡಿ ನಿನಗೆ ಧೈರ್ಯ ಬಂದಿರಬೇಕು ಎಂದೆ. ಅವಳು ನಡೆಯುವುದನ್ನು ನಿಲ್ಲಿಸಿದಳು.

"ಅತ್ತೆ, ಬೈಬಾರ್ದು."

"ಬೈಯಲ್ಲ, ಹೇಳು."

"ಮುಖ ಒರೆಸಿ ಹಿಡಿಕೆ ಎತ್ಕೊಂಡು ನಿಂತಿದ್ದೆ. ಕೈ ನಡುಗ್ತಾ ಇತ್ತು. ಬಿಟ್ಟು ಓಡಿಹೋಗೋಣ ಅನ್ನಿಸ್ತು. ಅಷ್ಟರಲ್ಲಿ ನೀವು ಗೊರಕೆ ಹೊಡೆಯೋಕೆ ಶುರು ಮಾಡಿದ್ರಿ. ಆಗ ನಿಂತಿದ್ದು ನಡುಕ."

ಜನ ನಮ್ಮನ್ನು ಬಳಸಿಕೊಂಡು ಹೋಗುತ್ತಿದ್ದರು. ನನಗೆ ಒಂದರ ಹಿಂದೆ ಒಂದು ನೆನಪಾಯಿತು: ಸಾಸರಿನ ಮೇಲೆ ಕಟಕಟ ಎಂದ ಕಪ್ಪು, ತೂತಾದ ಹನ್ನೊಂದು ಹಾಳೆ, ಔಷಧಿ ಅಂಗಡಿಯ ಮೆಟ್ಟಿಲು. ಮಾವನಿಗೆ ಜ್ವರ ಬಂದ ದಿನ ನಾನು ಮುಗಿಸಿದ ಮೇಜು. ಅವತ್ತು ಅದಕ್ಕೆ ಕೊನೆಯ ಕೈ ಹಾಕಿ, ಖಾಲಿ ಸ್ಟೂಲಿನ ಕಡೆ ನೋಡಿ ನಾನು ಒಬ್ಬಳೇ ನಕ್ಕಿದ್ದೆ. ಮೂವತ್ತು ವರ್ಷ ಅದನ್ನು ಮರೆತೇಬಿಟ್ಟಿದ್ದೆ.

"ತಪ್ಪಾಯ್ತು ಕಣೇ," ಎಂದೆ. ಬಂದುಬಿಟ್ಟಿತು ಮಾತು, ಎಲ್ಲೂ ಅಡ್ಡ ನಿಲ್ಲಲಿಲ್ಲ. "ಮೊದಲೇ ಹೇಳೋದಲ್ವಾ? ಒಂಬತ್ತು ತಿಂಗಳ ಹಿಂದೆನೇ ಮಲಗಿಬಿಡ್ತಿದ್ದೆ."

ಅವಳಿಗೆ ಅಳುವೋ ನಗುವೋ ತಿಳಿಯದಂತಾಗಿ ನನ್ನ ತೋಳು ಹಿಡಿದುಕೊಂಡಳು. ಆಮೇಲೆ ಇಬ್ಬರೂ ನಡುಬೀದಿಯಲ್ಲಿ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅವಳು ಗೆದ್ದಿದ್ದಳು. ನಾನು ನಿದ್ದೆ ಹೊಡೆದು ಅವಳನ್ನು ಗೆಲ್ಲಿಸಿದ್ದೆ. ಎಷ್ಟು ಜನ ಅತ್ತೆಯರಿಗೆ ಸಿಗುತ್ತದೆ ಇಂಥ ಹೆಮ್ಮೆ?

ಸೋಮವಾರ ಬೆಳಿಗ್ಗೆ ಅವಳು ಕ್ಲಿನಿಕ್ಕಿನ ತಿಳಿನೀಲಿ ಅಂಗಿ ತೊಟ್ಟು, ಶೆಡ್ಡಿನ ಮುಂದೆ ಹಾದು ಹೋಗುವಾಗ ಹೋಗಿ ಬರ್ತೀನಿ ಅತ್ತೆ ಎಂದಳು. ನಾನು ಶೆಡ್ಡಿನ ಹೊರಗೆ, ಬಿಸಿಲಲ್ಲಿ ಕೂತಿದ್ದೆ. ಸ್ಟೂಲನ್ನು ಅವತ್ತು ಬೆಳಿಗ್ಗೆಯೇ ಹೊರಗೆ ತಂದು ಹಾಕಿಕೊಂಡಿದ್ದೆ, ಒಳಗಿನವರ ಕಡೆಗೆ ಬೆನ್ನು ಮಾಡಿ. ಒಳಗೆ ಉಪ್ಪುಕಾಗದ ಸರಸರ ಎನ್ನುತ್ತಿತ್ತು. ಸ್ವಲ್ಪ ಹೊತ್ತಿಗೆ ಯಾರದೋ ಸದ್ದು ಒಂಚೂರು ಬದಲಾಯಿತು. 'ಊಂ' ನಾಲಿಗೆಯ ತುದಿಗೆ ಬಂದು ನಿಂತಿತು. ನಾನು ಕಾಫಿಯ ಜತೆ ಅದನ್ನು ನುಂಗಿದೆ. ಸದ್ದು ತಾನಾಗಿಯೇ ಸರಿಹೋಯಿತು.

ಆಗ ಹಿಂದಿನಿಂದ ಯಾರೋ ಪಿಸುಗುಟ್ಟಿದರು, "ಮುಖ ನೋಡಿದ್ಯಾ? ನಾನೂರು ನಂಬರು."

ನನಗೆ ಕೇಳಿಸಲಿಲ್ಲ ಎಂದುಕೊಂಡಿದ್ದಾರೆ.